ಬೋರ್ಡೋ ದ್ರಾವಣ ಹೊಕ್ಕ ಮಡಚು ಚಾಕು: ಬಿಚ್ಚಿ, ತೊಳೆದು, ಎಣ್ಣೆ ಹಾಕಿದ ದಾಖಲೆ

ರಿಪೇರಿಗೆ ತೆಗೆದುಕೊಂಡದ್ದು ಸ್ಪ್ರಿಂಗಿನ ನೆರವಿನಿಂದ ತೆರೆದುಕೊಳ್ಳುವ ಮಡಚು ಚಾಕು. ಅಲಗಿನ ಉದ್ದ 3 ಇಂಚು. ಉಕ್ಕು 8ಸಿಆರ್13ಎಂಒವಿ ಎಂಬ ಜಾತಿಯದು, ಅಂದರೆ ಸುಮಾರು ಶೇ 0.8 ಇಂಗಾಲ ಮತ್ತು ಶೇ 13ರಷ್ಟು ಕ್ರೋಮಿಯಂ ಇರುವಂಥದು. ಸ್ಟೇನ್‌ಲೆಸ್ ಎಂದು ಬರೆದುಕೊಂಡಿದ್ದರೂ ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಒರೆಸದೆ ಇಟ್ಟರೆ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. ಅಲಗಿನ ಬುಡದಲ್ಲಿ ಹಿಂದಕ್ಕೆ ಚಾಚಿಕೊಂಡ ಸಣ್ಣ ಕೊಂಬನ್ನು ತೋರುಬೆರಳಿನಿಂದ ಒತ್ತಿದರೆ ಅಲಗು ಸ್ವಲ್ಪ ದೂರ ಬೆರಳಿನ ಬಲದಲ್ಲಿ ಬರುತ್ತದೆ, ಆಮೇಲಿನ ದೂರವನ್ನು ಹಿಡಿಯ ಒಳಗಿರುವ ತೆಳ್ಳಗಿನ ಸ್ಪ್ರಿಂಗ್ ಕಡ್ಡಿ ತಾನೇ ತಿರುಚಿ ಮುಗಿಸುತ್ತದೆ. ಅಮೆರಿಕದ ಚಾಕು ವಿನ್ಯಾಸಕಾರ ಕೆನ್ ಆನಿಯನ್ ರೂಪಿಸಿದ ಸ್ಪೀಡ್‌ಸೇಫ್ ಎಂಬ ಏರ್ಪಾಡಿನ ಬಗೆಯದು ಇದು. ಚಾಕು ಮುಚ್ಚಿರುವಾಗ ಅದೇ ಕಡ್ಡಿ ಅಲಗನ್ನು ಒಳಕ್ಕೆ ಒತ್ತಿ ಹಿಡಿಯುವುದರಿಂದ ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳುವ ಭಯ ಕಡಿಮೆ. ಬಟನ್ ಒತ್ತಿದರೆ ಹಾರುವ ಚಾಕು ಬೇರೆ, ಇದು ಬೇರೆ.

ತೊಂದರೆ ಹೀಗಿತ್ತು. ಕೊಂಬನ್ನು ಒತ್ತಿದರೆ ಅಲಗು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಉಳಿದರ್ಧವನ್ನು ಕೈಯಿಂದ ಎಳೆಯಬೇಕಾಗುತ್ತಿತ್ತು. ಎಳೆಯುವಾಗ ಕೀಲಿನಲ್ಲಿ ಮರಳು ಅರೆದಂಥ ಸದ್ದು. ಮುಚ್ಚಿದ ಮೇಲೆ ಕೀಲಿನ ಸುತ್ತ ಕಪ್ಪು ಅಂಟು ಜಿನುಗಿ, ಅಂಗಿಯ ಜೇಬಿಗೆ ಒಗೆದರೂ ಹೋಗದ ಕಲೆ.

ಕಾರಣ ಹುಡುಕುವ ಕಷ್ಟ ಬರಲಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಕಡಿಮೆಯೆಂದು ಅರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಈ ಸಲ ಡ್ರಮ್ಮಿನ ಬಳಿ ಕತ್ತಿ ಇರಲಿಲ್ಲ, ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗೌಡ ಆಗಲೇ ಹತ್ತಲು ಸಿದ್ಧನಾಗಿದ್ದ, ಜೇಬಿನಲ್ಲಿದ್ದ ಚಾಕನ್ನೇ ಹಿಡಿಯವರೆಗೂ ಅದ್ದಿದ್ದಾಯಿತು. ಅಲಗನ್ನು ತೊಳೆದು ಒರೆಸಿದ್ದು ನಿಜ, ಕೀಲಿನ ಒಳಗೆ ಹೋದದ್ದನ್ನು ಯಾರೂ ಒರೆಸಲಿಲ್ಲ. ಅದರ ಮೇಲೆ ಸುತ್ತಲಿ ದಾರದ ನಾರು, ಬಾಳೆಗೊನೆಯ ಸೊನೆ, ಹಸಿ ಅಡಿಕೆಯ ಚೊಗರು, ಜೇಬಿನ ಧೂಳು ಎಲ್ಲ ಸೇರಿತು.

1. ಬಿಚ್ಚದೆ ಮಾಡಿದ ಪ್ರಯತ್ನಗಳು

ಚಾಕನ್ನು ಕೊಟ್ಟ ಅಣ್ಣನ ಮಗ ಫೋನಿನಲ್ಲಿ, "ಚಿಕ್ಕಪ್ಪ, ಬಿಚ್ಚೋಕೆ ಹೋಗ್ಬೇಡಿ, ಬಿಸಿನೀರಲ್ಲಿ ತೊಳೆದು ಎಣ್ಣೆ ಬಿಡಿ ಸಾಕು" ಎಂದಿದ್ದ. ಸಾಮಾನ್ಯ ಕೊಳೆಗೆ ಅವನ ಮಾತು ಸರಿಯೇ. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಹಾಕಿ, ಚಾಕನ್ನು ಅರೆ ತೆರೆದು ಅದ್ದಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೀಲಿನ ಸಂದುಗಳನ್ನು ಉಜ್ಜಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು ನೀರು ತೆಗೆದೆ. ಕಪ್ಪು ನೀರು ಸಾಕಷ್ಟು ಬಂತು, ಸಂಜೆಯವರೆಗೆ ಅಲಗು ಪೂರ್ತಿ ತೆರೆಯಿತು. ಬೆಳಿಗ್ಗೆ ಮತ್ತೆ ಮೊದಲಿನಂತೆ ಅರ್ಧಕ್ಕೇ ನಿಂತಿತು. ಒದ್ದೆಯಾಗಿದ್ದಾಗ ಜಾರುತ್ತಿದ್ದ ಸುಣ್ಣ ಒಣಗಿದ ಮೇಲೆ ಮತ್ತೆ ಗಟ್ಟಿಯಾಗಿತ್ತು.

ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಅಂಥ ಸ್ಪ್ರೇಗಳಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಗುವ ದ್ರಾವಕ. ಅದು ಕೊಳೆಯನ್ನು ಸಡಿಲಿಸುತ್ತದೆ, ಆದರೆ ಸಡಿಲಾದ ಕೊಳೆಗೆ ಹೊರಗೆ ಹೋಗಲು ದಾರಿಯಿಲ್ಲದೆ ವಾಷರುಗಳ ನಡುವೆಯೇ ಹರಡಿಕೊಳ್ಳುತ್ತದೆ. ಎರಡು ದಿನ ಸಲೀಸು, ಮೂರನೆಯ ದಿನ ಮೊದಲಿಗಿಂತ ಬಿಗಿ.

ತೆಂಗಿನೆಣ್ಣೆಯ ಬಗ್ಗೆಯೂ ಇಲ್ಲೇ ಬರೆದುಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಬಾಗಿಲ ತಿರುಗಣೆಯಿಂದ ಹಿಡಿದು ಹೊಲಿಗೆ ಮಿಷನ್ನಿನವರೆಗೆ ಎಲ್ಲದಕ್ಕೂ ಅದನ್ನೇ ಬಿಡುವುದು ರೂಢಿ. ಕಳೆದ ಸಲ ಅಡಿಕೆ ಸುಲಿಯುವ ಕಾಲದಲ್ಲಿ ಈ ಚಾಕಿಗೂ ಅದನ್ನೇ ಬಿಟ್ಟಿತ್ತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಬಾಟಲಿಯೊಳಗೆ ಬಿಳಿಯಾಗಿ ನಿಲ್ಲುವ ಎಣ್ಣೆ ಚಾಕಿನ ಕೀಲಿನಲ್ಲೂ ಹಾಗೆಯೇ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಸರಿಯಾಗುತ್ತಿದ್ದ ಚಾಕು ಬೆಳಿಗ್ಗೆ ಮಾತ್ರ ಮೊಂಡು ಹಿಡಿಯುತ್ತಿದ್ದುದಕ್ಕೆ ಅದೇ ಕಾರಣ. ಜತೆಗೆ ತಿಂಗಳುಗಟ್ಟಲೆ ಬಿಟ್ಟರೆ ಕಮಟು ಹಿಡಿದು ಅಂಟಾಗುತ್ತದೆ.

2. ಸಾಮಾನು ಮತ್ತು ಖರ್ಚು

ಚಾಕಿನ ಸ್ಕ್ರೂಗಳ ತಲೆ ಟಾರ್ಕ್ಸ್, ಅಂದರೆ ಆರು ಮೂಲೆಯ ನಕ್ಷತ್ರದ ಆಕಾರದ್ದು. ನನ್ನ ಚಾಕಿನಲ್ಲಿ ಕೀಲಿನ ಸ್ಕ್ರೂ ಟಿ8 ಅಳತೆಯದು, ಹಿಡಿಯ ಮತ್ತು ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿನ ಸ್ಕ್ರೂಗಳು ಟಿ6. ಮನೆಯಲ್ಲಿದ್ದ ಅಲೆನ್ ಕೀಯಲ್ಲೇ ಆಗುತ್ತದೆಂದು ಮೊದಲು ಕ್ಲಿಪ್ಪಿನ ಒಂದು ಸ್ಕ್ರೂ ತಿರುಗಿಸಲು ಹೋಗಿ ಅದರ ಒಂದು ಮೂಲೆ ಸವೆಯಿತು. ಮೊಬೈಲ್ ರಿಪೇರಿಯ ಅಗ್ಗದ ಸೆಟ್ಟಿನಲ್ಲಿದ್ದ ಬಿಟ್ (ಸ್ಕ್ರೂಡ್ರೈವರಿಗೆ ಹಾಕುವ ತುದಿ) ಸ್ಕ್ರೂವನ್ನು ತಿರುಗಿಸುವ ಬದಲು ತಾನೇ ತಿರುಚಿಕೊಂಡಿತು. ಕೊನೆಗೆ ಶಿವಮೊಗ್ಗಕ್ಕೆ ಹೋದಾಗ ಬಿ.ಎಚ್. ರಸ್ತೆಯ ಟೂಲ್ಸ್ ಅಂಗಡಿಯಲ್ಲಿ ಗಟ್ಟಿ ಉಕ್ಕಿನ ಬಿಟ್ ಸೆಟ್ ತಂದೆ, 380 ರೂಪಾಯಿ. ಈ ಕೆಲಸದಲ್ಲಿ ಹಣಕ್ಕೆ ಹಿಂದೆಮುಂದೆ ನೋಡಬಾರದ ಸಾಮಾನು ಇದೊಂದೇ. ಬಿಟ್ ಸ್ಕ್ರೂವಿನ ತಲೆಯಲ್ಲಿ ಅಲುಗಾಡದೆ ಕೂರಬೇಕು, ಅಲುಗಾಡಿದರೆ ತಿರುಗಿಸಲೇಬಾರದು.

ಗಾಂಧಿ ಬಜಾರಿನಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆ 40 ರೂಪಾಯಿ, ಮೆಡಿಕಲ್ಸಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ 150 ರೂಪಾಯಿ, ಅಲ್ಲಿಯೇ ಲಿಕ್ವಿಡ್ ಪ್ಯಾರಾಫಿನ್ 90 ರೂಪಾಯಿ, ಆಟೊಮೊಬೈಲ್ ಅಂಗಡಿಯಲ್ಲಿ ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರಿನ ಸಣ್ಣ ಬಾಟಲಿ 180 ರೂಪಾಯಿ. ಒಟ್ಟು 840. ವಿನೆಗರ್, ಅಡುಗೆ ಸೋಡಾ, ಹತ್ತಿ, ಹಲ್ಲುಕಡ್ಡಿ, ಬಿಳಿ ಗ್ರೀಸು ಮನೆಯಲ್ಲಿದ್ದವು. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗದ್ದರಿಂದ ಪಂಪ್‌ಸೆಟ್ಟಿಗೆಂದು ಇಟ್ಟಿದ್ದ ಡೀಸೆಲ್ಲನ್ನೇ ಬಳಸಿದೆ.

3. ಬಿಚ್ಚಿದ್ದು

ಮಳೆ ಹೊಳವಾಗಿ ಬೆಳಕು ಚೆನ್ನಾಗಿದ್ದ ದಿನ ಕಿಟಕಿಯ ಪಕ್ಕ ಬಿಳಿ ಟವೆಲ್ ಹಾಸಿಕೊಂಡು ಕೂತೆ. ಸ್ಪ್ರಿಂಗ್ ಇರುವ ಚಾಕಾದ್ದರಿಂದ ಕನ್ನಡಕ ಹಾಕಿಕೊಂಡೇ ಕೆಲಸ ಮಾಡುವುದು ಒಳ್ಳೆಯದು. ಅಲಗಿನ ಬಾಯಿಗೆ ಉದ್ದಕ್ಕೂ ಇನ್ಸುಲೇಷನ್ ಟೇಪ್ ಸುತ್ತಿದೆ. ಬಿಚ್ಚುವಾಗ ಅಲಗು ಪೂರ್ತಿ ತೆರೆದು ಲಾಕಾಗಿರಬೇಕು, ಆ ಸ್ಥಿತಿಯಲ್ಲಿ ಸ್ಪ್ರಿಂಗ್ ಕಡ್ಡಿಯ ಮೇಲಿನ ಬಿಗಿ ಅತ್ಯಂತ ಕಡಿಮೆ.

ಮೊದಲು ಕ್ಲಿಪ್, ಆಮೇಲೆ ಹಿಡಿಯ ಹಿಂಬದಿಯ ಎರಡು ಸ್ಕ್ರೂ, ಕೊನೆಗೆ ಕೀಲಿನ ಸ್ಕ್ರೂ. ಹಿಡಿಯ ಒಂದು ಸ್ಕ್ರೂ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕಾರ್ಖಾನೆಯಲ್ಲಿ ಹಾಕಿದ ಥ್ರೆಡ್‌ಲಾಕರ್ ಬಿಸಿಗೆ ಮೆತ್ತಗಾಗುವುದರಿಂದ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಗೆ ಒಂದು ನಿಮಿಷ ಒತ್ತಿ ಹಿಡಿದು, ಬಿಸಿಯಿರುವಾಗಲೇ ಬಿಟ್ಟನ್ನು ಕೆಳಕ್ಕೆ ಬಲವಾಗಿ ಅದುಮಿ ತಿರುಗಿಸಿದೆ. ಸಣ್ಣ ಟಕ್ ಸದ್ದಿನೊಂದಿಗೆ ಬಿಟ್ಟುಕೊಟ್ಟಿತು. ವಾಷರ್ ನೈಲಾನಿನದಾಗಿದ್ದರೆ ಕೀಲಿನ ಹತ್ತಿರ ಹೀಗೆ ಕಾಯಿಸಬಾರದು, ಕರಗಿ ಹೋಗುತ್ತದೆ. ನನ್ನದರಲ್ಲಿ ಫಾಸ್ಫರ್ ಬ್ರಾಂಜಿನ ವಾಷರುಗಳಿದ್ದವು.

ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೊ ತೆಗೆದೆ, ಅದು ಮುಂದೆ ಪೂರ್ತಿ ಉಪಯೋಗಕ್ಕೆ ಬಂತು. ಫೋಟೊ ತೆಗೆಯದೆ ಬಿಟ್ಟದ್ದು ಒಂದೇ ಹಂತ, ಗೊಂದಲವಾದದ್ದೂ ಅಲ್ಲಿಯೇ. ಹಿಡಿಯ ಮೇಲಿನ ಭಾಗವನ್ನು ಅರೆ ಎತ್ತಿದಾಗ ಒಳಗೇನಿದೆಯೆಂದು ನೋಡುವ ಆತುರದಲ್ಲಿ ಅಲಗನ್ನು ಸ್ವಲ್ಪ ಮಡಚಿದೆ. ಸ್ಪ್ರಿಂಗ್ ಕಡ್ಡಿ ತಾನು ಕೂರುವ ಗಾಡಿಯಿಂದ, ಅಂದರೆ ಕೊರೆದ ಸೀಳಿನಿಂದ, ಚಿಮ್ಮಿ ಕಿಟಕಿಯ ಬುಡದಲ್ಲಿದ್ದ ಗೋಣಿಚೀಲಗಳ ಸಂದಿಗೆ ಬಿತ್ತು. ಟಾರ್ಚ್ ಹಿಡಿದು, ಚೀಲಗಳನ್ನು ಒಂದೊಂದಾಗಿ ಸರಿಸಿ ಹುಡುಕುವುದರಲ್ಲಿ ಊಟದ ಹೊತ್ತಾಯಿತು. ಅದಕ್ಕಿಂತ ದೊಡ್ಡ ತಲೆನೋವೆಂದರೆ, ಕಡ್ಡಿಯ ಎರಡು ತುದಿಗಳ ಬಾಗು ಬೇರೆ ಬೇರೆ, ಯಾವುದು ಅಲಗಿನ ಕಡೆಯದು ಎಂದು ನೋಡಿಟ್ಟುಕೊಂಡಿರಲಿಲ್ಲ.

4. ಒಳಗೆ ಕಂಡದ್ದು

ಕೀಲಿನ ಸುತ್ತ ವಾಷರಿನ ಅಂಚಿಗೆ ಸರಿಯಾಗಿ ಒಂದು ಬಿಳಿ ಬಳೆ ಕಟ್ಟಿಕೊಂಡಿತ್ತು. ಉಗುರಿಗೆ ಪುಡಿಯಾಗಿ ಬರುವ, ಬೆರಳುಗಳ ನಡುವೆ ತಿಕ್ಕಿದರೆ ಗರಗರ ಎನ್ನುವ ಸುಣ್ಣ. ವಾಷರುಗಳ ಮುಖ ಹಸಿರು ನೀಲಿಗೆ ತಿರುಗಿತ್ತು. ಅಲಗಿನ ಬುಡದಲ್ಲಿ ಡಾಂಬರಿನಂಥ ಕಪ್ಪು ಅಂಟು. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿದರೆ ಕಪ್ಪಾಗುತ್ತದೆ, ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗುವುದೂ ಹೀಗೆಯೇ. ಆ ಕಪ್ಪು ಹಳೆಯ ತೆಂಗಿನೆಣ್ಣೆಯೊಡನೆ ಕಲಸಿ, ನಡುವೆ ಸುತ್ತಲಿಯ ನಾರುಗಳು ಸುರುಳಿ ಸುತ್ತಿಕೊಂಡಿದ್ದವು.

ನಾನು ನಿರೀಕ್ಷಿಸದೆ ಇದ್ದದ್ದು ಸ್ಪ್ರಿಂಗ್ ಕಡ್ಡಿಯಲ್ಲಿತ್ತು. ಒರೆಸಿ ಬೆಳಕಿಗೆ ಹಿಡಿದರೆ ಅದರ ಅರ್ಧ ಉದ್ದ ತೆಳುವಾದ ಕೆಂಪು, ಹೊಸ ತಾಮ್ರದ ತಂತಿಯ ಬಣ್ಣ. ಸುಣ್ಣ ಸಾಲದಿದ್ದ ಮೊದಲ ಹದದಲ್ಲಿ ಅಲಗಿನ ಮೇಲೆ ಅಷ್ಟಾಗಿ ಕಾಣದ ಕೆಂಪು ಒಳಗಿನ ಈ ಕಡ್ಡಿಯ ಮೇಲೆ ಚೆನ್ನಾಗಿ ಕೂತಿತ್ತು. ತಾಮ್ರ ಕೂತ ಕಡೆ ತೇವ ಉಳಿದರೆ ಅಡಿಯ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಕೆಂಪಿನ ಅಂಚಿಗೆ ಸೂಜಿಮೊನೆಯಷ್ಟು ಕುಳಿಗಳು ಆಗಲೇ ಬಿದ್ದಿದ್ದವು. ಪರೀಕ್ಷೆಗೆ ಸಾದಾ ಕಬ್ಬಿಣದ ಹಳೆಯ ಕತ್ತಿಯನ್ನು ಬಿಟ್ಟು ಕೀಲಿರುವ ಯಾವ ಹತ್ಯಾರನ್ನೂ ಅದ್ದಬಾರದು.

5. ತೊಳೆದದ್ದು

ಅಂಟಿಗೆ ಡೀಸೆಲ್, ಸುಣ್ಣಕ್ಕೆ ವಿನೆಗರ್. ಈ ಕ್ರಮ ಮುಖ್ಯ, ಏಕೆಂದರೆ ಎಣ್ಣೆಯ ಅಂಟು ಮೇಲಿರುವವರೆಗೆ ವಿನೆಗರ್ ಸುಣ್ಣವನ್ನು ಮುಟ್ಟುವುದಿಲ್ಲ. ಒಂದು ಬಟ್ಟಲು ಡೀಸೆಲ್ಲಿನಲ್ಲಿ ಎಲ್ಲ ಬಿಡಿಭಾಗಗಳನ್ನೂ ಅರ್ಧ ಗಂಟೆ ಬಿಟ್ಟು ಬ್ರಶ್ಶಿನಿಂದ ಉಜ್ಜಿದೆ, ಬಿಸಿ ಸೋಪಿನ ನೀರಿನಲ್ಲಿ ತೊಳೆದೆ. ವಾಷರುಗಳನ್ನು ಮಾತ್ರ ಅರ್ಧಕ್ಕರ್ಧ ನೀರು ಬೆರೆಸಿದ ವಿನೆಗರಿಗೆ ಹಾಕಿದೆ, ಸಣ್ಣ ಗುಳ್ಳೆಗಳೆದ್ದು ಐದು ನಿಮಿಷದಲ್ಲಿ ಹಳದಿ ಮೈ ಕಂಡಿತು. ಅಲಗಿನ ಬುಡಕ್ಕೂ ಒಳತಗಡಿಗೂ ವಿನೆಗರ್ ತೋಯಿಸಿದ ಹತ್ತಿಯನ್ನು ಒತ್ತಿ, ಸುಣ್ಣ ಬಿಟ್ಟ ಕೂಡಲೇ ಅಡುಗೆ ಸೋಡಾ ಕದಡಿದ ನೀರಿನಿಂದ ಒರೆಸಿದೆ. ಉಕ್ಕನ್ನು ವಿನೆಗರಿನಲ್ಲಿ ಮುಳುಗಿಸಿ ಬಿಟ್ಟು ಮರೆತರೆ ಬೂದು ಕಲೆ ಬೀಳುತ್ತದೆ.

ಕಡ್ಡಿಯ ಮೇಲಿನ ತಾಮ್ರ ವಿನೆಗರಿಗೆ ಜಗ್ಗಲಿಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನ ಹಳೆಯ ತುಂಡಿನಿಂದ ಕಡ್ಡಿಯ ಉದ್ದಕ್ಕೇ ತಿಕ್ಕಿ ತೆಗೆದೆ. ಅಡ್ಡಕ್ಕೆ ತಿಕ್ಕಿದರೆ ಬೀಳುವ ಗೀರು ಮುಂದೆ ಮುರಿಯುವ ಜಾಗವಾಗುತ್ತದೆ, ಮರಳು ಕಾಗದವಂತೂ ಬೇಡವೇ ಬೇಡ. ಕೊನೆಗೆ ಎಲ್ಲವನ್ನೂ ಆಲ್ಕೋಹಾಲಿನಿಂದ ಒರೆಸಿದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಒರೆಸಿಟ್ಟದ್ದು ಒಣಗಿತೆಂದು ನಂಬುವ ಹಾಗಿಲ್ಲವಾದ್ದರಿಂದ ಬಟ್ಟೆಯಲ್ಲಿ ಸುತ್ತಿ ಬಚ್ಚಲೊಲೆಯ ದಂಡೆಯ ಮೇಲೆ ರಾತ್ರಿಯಿಡೀ ಇಟ್ಟೆ.

6. ಎಣ್ಣೆ: ಎಲ್ಲಿ, ಎಷ್ಟು, ಎಲ್ಲಿ ಬೇಡ

ಈ ಬಗೆಯ ಚಾಕಿಗೆ ಎಣ್ಣೆ ಹಾಕುವವರು ಸಾಮಾನ್ಯವಾಗಿ ಕೀಲಿನ ಮೇಲೆ ಧಾರಾಳವಾಗಿ ಸುರಿದು, ಹತ್ತಾರು ಸಲ ತೆರೆದು ಮುಚ್ಚಿ, ಹೊರಗೆ ಬಂದದ್ದನ್ನು ಒರೆಸುತ್ತಾರೆ. ಬಿಚ್ಚಿ ನೋಡಿದ ಮೇಲೆ ನನಗೆ ಆ ಪದ್ಧತಿಯ ಮೇಲಿದ್ದ ನಂಬಿಕೆ ಹೋಯಿತು. ಹೆಚ್ಚಾದ ಎಣ್ಣೆ ಧೂಳನ್ನು ಕರೆಯುತ್ತದೆ, ಅದೂ ಹೋಗಬಾರದ ಕಡೆ ಹೋಗುತ್ತದೆ.

ವಾಷರಿನ ಎರಡೂ ಮುಖಕ್ಕೆ ಹೊಲಿಗೆ ಮಿಷನ್ನಿನ ಎಣ್ಣೆಯನ್ನು ಹಲ್ಲುಕಡ್ಡಿಯ ತುದಿಯಲ್ಲಿ ಒಂದೊಂದು ಹನಿಯಂತೆ ಮುಟ್ಟಿಸಿ ಬೆರಳಿನಿಂದ ಸವರಿದೆ. ಅದು ತೆಳುವಾದ ಖನಿಜ ಎಣ್ಣೆ, ತೆಂಗಿನೆಣ್ಣೆಯ ಹಾಗೆ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ, ಕಮಟೂ ಹಿಡಿಯುವುದಿಲ್ಲ. ಸ್ಪ್ರಿಂಗ್ ಕಡ್ಡಿಯ ಬಾಗಿದ ತುದಿ ಅಲಗಿನ ಗಾಡಿಯಲ್ಲಿ ಜಾರುವ ಕಡೆ ಲೋಹಕ್ಕೆ ಲೋಹ ಒತ್ತಿ ಉಜ್ಜುವುದರಿಂದ ಅಲ್ಲಿಗೆ ಎಣ್ಣೆಯ ಬದಲು ಸಾಸಿವೆ ಕಾಳಿನಷ್ಟು ಬಿಳಿ ಗ್ರೀಸು, ಕಡ್ಡಿಯ ಉಳಿದ ಮೈಗೆ ತುಕ್ಕು ಬಾರದಷ್ಟು ತೆಳುವಾದ ಲೇಪ. ಲಾಕಿನ ಪಟ್ಟಿಯಲ್ಲಿ ಕೂರಿಸಿರುವ ಸಣ್ಣ ಉಕ್ಕಿನ ಗುಂಡು ಅಲಗಿನ ಮೈಮೇಲೆ ಉರುಳುವ ದಾರಿಗೆ ಅದರ ಅರ್ಧದಷ್ಟು.

ಲಾಕಿನ ಪಟ್ಟಿಯ ತುದಿ ಅಲಗಿನ ಬುಡಕ್ಕೆ ಆತುಕೊಳ್ಳುವ ಮುಖಕ್ಕೆ ಏನೂ ಬೇಡ. ತೆರೆದ ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವುದು ಆ ಎರಡು ಮುಖಗಳ ಹಿಡಿತ ಮಾತ್ರ. ಅಲ್ಲಿ ಎಣ್ಣೆ ಬಿದ್ದರೆ ಲಾಕು ಜಾರುವ ಸಂಭವವಿದೆ. ಜೋಡಿಸಿದ ಮೇಲೆ ಅಲ್ಲಿಗೆ ಆಲ್ಕೋಹಾಲ್ ತೋಯಿಸಿದ ಹತ್ತಿಯನ್ನು ಇನ್ನೊಮ್ಮೆ ಹಾಯಿಸಿದೆ.

ಅಲಗಿಗೆ ಬೇರೆ ಎಣ್ಣೆ. ಇದೇ ಚಾಕಿನಲ್ಲಿ ಪೇರಲೆ, ಮಾವಿನಕಾಯಿ ಕೊಯ್ದು ತಿನ್ನುವುದರಿಂದ ಮಿಷನ್ನಿನ ಎಣ್ಣೆ ಸವರುವುದು ಮನಸ್ಸಿಗೆ ಒಪ್ಪಲಿಲ್ಲ. ಮೆಡಿಕಲ್ಸಿನ ಲಿಕ್ವಿಡ್ ಪ್ಯಾರಾಫಿನ್ ರುಚಿ ವಾಸನೆಯಿಲ್ಲದ ಶುದ್ಧ ಖನಿಜ ಎಣ್ಣೆ, ಅದನ್ನು ಸವರಿ ಒರೆಸಿದೆ. ಕೊಳ್ಳುವಾಗ ಶುದ್ಧ ಪ್ಯಾರಾಫಿನ್ನೇ ಬೇಕೆಂದು ಹೇಳಬೇಕು. ಮಲಬದ್ಧತೆಗೆ ಕೊಡುವ ಹಾಲಿನಂಥ ಔಷಧಿಯಲ್ಲೂ ಪ್ಯಾರಾಫಿನ್ ಇರುತ್ತದೆ, ಆದರೆ ಜತೆಗೆ ನೀರೂ ಇರುತ್ತದೆ, ಅಲಗಿಗೆ ಅದು ಬೇಡ.

7. ಜೋಡಣೆ

ಮೊದಲ ಸಲ ಜೋಡಿಸಿದಾಗ ಅಲಗು ಸಲೀಸಾಗಿ ತಿರುಗಿತು, ಸ್ಪ್ರಿಂಗಿನ ನೆರವು ಮಾತ್ರ ಇರಲಿಲ್ಲ. ಕಡ್ಡಿಯನ್ನು ಹಿಂದುಮುಂದಾಗಿ ಕೂರಿಸಿದ್ದೆ. ಮತ್ತೆ ಬಿಚ್ಚಿ ನೋಡಿದಾಗ ಉತ್ತರ ಕಡ್ಡಿಯ ಮೈಯಲ್ಲೇ ಇತ್ತು. ಒಂದು ತುದಿಯ ಬಾಗು ಉಜ್ಜಿ ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿತ್ತು, ಇನ್ನೊಂದು ಮಂಕಾಗಿತ್ತು. ಹೊಳೆಯುವುದು ಅಲಗಿನ ಗಾಡಿಯಲ್ಲಿ ಜಾರುವ ತುದಿ, ಮಂಕಾದದ್ದು ಹಿಡಿಯ ತೂತಿನಲ್ಲಿ ಸುಮ್ಮನೆ ಕೂರುವಂಥದು. ಹಾಗೆ ತಿರುಗಿಸಿ ಕೂರಿಸಿ, ಅಲಗನ್ನು ತೆರೆದ ಸ್ಥಿತಿಯಲ್ಲೇ ಇಟ್ಟು, ಕಡ್ಡಿಯ ತುದಿಯನ್ನು ಹಲ್ಲುಕಡ್ಡಿಯಿಂದ ಗಾಡಿಗೆ ನೂಕಿ ಹಿಡಿಯ ಮೇಲಿನ ಭಾಗವನ್ನು ಮುಚ್ಚಿದೆ.

ಥ್ರೆಡ್‌ಲಾಕರಿನ ವಿಷಯದಲ್ಲೂ ಒಂದು ಸುತ್ತು ವ್ಯರ್ಥವಾಯಿತು. ಎಣ್ಣೆ ತಗಲಿದ ಸ್ಕ್ರೂವಿನ ಎಳೆಗಳ ಮೇಲೆ ಅದು ಕಚ್ಚುವುದಿಲ್ಲ. ಸ್ಕ್ರೂವನ್ನು ಒರೆಸದೆ ಹಾಕಿದ್ದರಿಂದ ಮರುದಿನ ನಾಲ್ಕು ಸಲ ತೆರೆಯುವಷ್ಟರಲ್ಲಿ ಕೀಲು ಸಡಿಲಾಗಿ ಅಲಗು ಅಕ್ಕಪಕ್ಕ ಅಲ್ಲಾಡಿತು. ಎರಡನೆಯ ಸಲ ಸ್ಕ್ರೂವನ್ನೂ ಅದು ಕೂರುವ ತೂತನ್ನೂ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿದೆ. ಸ್ಕ್ರೂವಿನ ತುದಿಯ ಎರಡು ಎಳೆಗಳಿಗೆ ಮಾತ್ರ ಒಂದು ಸಣ್ಣ ಹನಿ ಹಚ್ಚಿದೆ. ಹೆಚ್ಚಾದರೆ ಅದು ವಾಷರಿನ ಮೇಲೆ ಹರಿದು ಅಲಗನ್ನೇ ಅಂಟಿಸುತ್ತದೆ. ಅಲಗು ಅಲ್ಲಾಡದಷ್ಟು ಬಿಗಿ ಮಾಡಿ, ಅಲ್ಲಿಂದ ಒಂದು ಸುತ್ತಿನ ಎಂಟನೆಯ ಒಂದು ಭಾಗ ಹಿಂದಕ್ಕೆ ತಿರುಗಿಸಿದಾಗ ಹದ ಸಿಕ್ಕಿತು. ಹದ ನೋಡುವುದನ್ನು ಕೆಲವು ನಿಮಿಷಗಳಲ್ಲಿ ಮುಗಿಸಿ, ಆಮೇಲೆ 24 ಗಂಟೆ ಚಾಕನ್ನು ಮುಟ್ಟಲಿಲ್ಲ.

8. ಈಗಿನ ಸ್ಥಿತಿ

ಕೊಂಬನ್ನು ಒತ್ತಿದರೆ ಅಲಗು ಪೂರ್ತಿ ತೆರೆದು ಸದ್ದಿನೊಂದಿಗೆ ಲಾಕಾಗುತ್ತದೆ, ಬೆಳಗಿನ ಚಳಿಯಲ್ಲೂ ವ್ಯತ್ಯಾಸವಿಲ್ಲ. ತೆರೆದ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಒತ್ತಿ ನೋಡಿದಾಗ ಲಾಕು ಜಾರಲಿಲ್ಲ. ಕೆಲವರು ಹೀಗೆ ಪರೀಕ್ಷಿಸುವಾಗ ಅಲಗಿನ ಬೆನ್ನನ್ನು ಜೋರಾಗಿ ಬಡಿಯುತ್ತಾರೆ, ಅದರಿಂದ ಲಾಕಿನ ಮುಖವೇ ಜಜ್ಜಿ ಹೋಗುತ್ತದೆ, ಒತ್ತಿ ನೋಡಿದರೆ ಸಾಕು.

ಸರಿಯಾಗದೆ ಉಳಿದದ್ದು ಎರಡು. ಮುಚ್ಚಿದಾಗ ಅಲಗು ಹಿಡಿಯ ನಡುವಿಗೆ ಬಾರದೆ ಕ್ಲಿಪ್ಪಿನ ಬದಿಗೆ ಕೂದಲೆಳೆಯಷ್ಟು ವಾಲುತ್ತದೆ. ಅಂಚು ಒಳತಗಡಿಗೆ ತಾಗುವುದಿಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಇನ್ನೊಂದು, ಸ್ಪ್ರಿಂಗ್ ಕಡ್ಡಿಯ ಕುಳಿಗಳು. ಬಿಡಿ ಕಡ್ಡಿ ಶಿವಮೊಗ್ಗದ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಅಣ್ಣನ ಮಗನಿಗೆ ಹೇಳಿದ್ದೇನೆ. ಅದು ಬರುವ ಮೊದಲೇ ಈಗಿನದು ಮುರಿದರೆ ತುಂಡುಗಳನ್ನು ತೆಗೆದುಹಾಕಿ ಮಾಮೂಲಿ ಮಡಚು ಚಾಕಿನಂತೆ ಕೈಯಿಂದಲೇ ತೆರೆದು ಬಳಸಬಹುದು, ಲಾಕಿಗೆ ಆ ಕಡ್ಡಿಯೊಡನೆ ಸಂಬಂಧವಿಲ್ಲ. ಆದರೆ ಆಗ ಚಾಕನ್ನು ಮುಚ್ಚಿ ಹಿಡಿಯಲು ಉಳಿಯುವುದು ಲಾಕಿನ ಪಟ್ಟಿಯ ಸಣ್ಣ ಗುಂಡೊಂದೇ, ಆದ್ದರಿಂದ ಜೇಬಿಗೆ ಹಾಕುವ ಮೊದಲು ಅಲಗು ಒಳಗೆ ಗಟ್ಟಿಯಾಗಿ ನಿಲ್ಲುತ್ತದೆಯೇ ಎಂದು ಬೋರಲು ಹಿಡಿದು ಕೊಡವಿ ನೋಡಬೇಕಾಗುತ್ತದೆ.